ಮದ್ದು ಸೊಪ್ಪಿನ ರಸ, ಮೊಟ್ಟೆಯ ಪ್ರೋಟೀನು: ಕೊಳವೆಯಲ್ಲಿ ನಾನು ನೋಡಿದ್ದು

ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಕೊಡಗಿನ ಮನೆಮನೆಯಲ್ಲಿ ಮದ್ದು ಸೊಪ್ಪು ಎಂಬ ಕಾಡುಗಿಡದ ಪಾಯಸ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಔಷಧಿಗಳು ಕೂಡಿರುತ್ತವೆ ಎಂಬುದು ಹಿರಿಯರ ನಂಬಿಕೆ. ಮಡಿಕೇರಿಯಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ನನಗೆ ಆಗಸ್ಟ್ ಬಂತೆಂದರೆ ವಿದ್ಯಾರ್ಥಿಗಳ ಪ್ರಶ್ನೆಯೂ ಬರುತ್ತದೆ: ‘ಸರ್, ಇದು ಮರೆವಿನ ಕಾಯಿಲೆಗೂ ಆಗುತ್ತದೆಯೇ?’ ಇಷ್ಟು ದೊಡ್ಡ ಪ್ರಶ್ನೆಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಉತ್ತರ ಸಿಗುವುದಿಲ್ಲ. ಅದರ ಒಂದು ತುಣುಕನ್ನಾದರೂ ನೋಡೋಣ ಎಂದು ಕೈಹಾಕಿದೆ.

ಆಲ್ಝೈಮರ್ ಕಾಯಿಲೆಯಲ್ಲಿ ಬೀಟಾ ಅಮಿಲಾಯ್ಡ್ ಮತ್ತು ಟೌ, ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನುಗಳು ತಮ್ಮ ಸಹಜ ರೂಪ ಬಿಟ್ಟು, ಒಂದರ ಮೇಲೊಂದು ಸುಮಾರು 4.7 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ನ್ಯಾನೋಮೀಟರಿನ ಹತ್ತನೇ ಒಂದು ಭಾಗ) ಅಂತರದಲ್ಲಿ ಪೇರಿಕೊಂಡು ಗಟ್ಟಿ ನಾರುಗಳಾಗುತ್ತವೆ. ಇಂಥ ನಾರಿಗೆ ಅಮಿಲಾಯ್ಡ್ ಎನ್ನುತ್ತಾರೆ. ಬೀಟಾ ಅಮಿಲಾಯ್ಡ್ ದುಬಾರಿ. 140 ಅಮೈನೋ ಆಮ್ಲಗಳ ಸೈನ್ಯೂಕ್ಲೀನನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ಶುದ್ಧಗೊಳಿಸಬೇಕು. ನನ್ನ ಕೈಗೆಟುಕಿದ್ದು ಕೋಳಿಮೊಟ್ಟೆಯ ಬಿಳಿಯಲ್ಲಿರುವ ಲೈಸೊಜೈಮ್. ಅಗ್ಗ, ಶುದ್ಧವಾಗಿಯೇ ಸಿಗುತ್ತದೆ. ಆಮ್ಲ ಮತ್ತು ಬಿಸಿಯಲ್ಲಿ ಇದೂ ಅದೇ ಬಗೆಯ ನಾರಾಗುತ್ತದೆ. ಸೊಪ್ಪಿನ ರಸ ಅದನ್ನು ತಡೆಯುತ್ತದೆಯೇ ಎಂಬುದೇ ನನ್ನ ಪ್ರಶ್ನೆ.

ಪಿಎಚ್ 2ರ, ಅಂದರೆ ಕಡು ಆಮ್ಲದ, ಬಫರಿನಲ್ಲಿ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಪ್ರೋಟೀನು ಕರಗಿಸಿ, 60 ಡಿಗ್ರಿಯ ವಾಟರ್ ಬಾತ್‌ನಲ್ಲಿ ಇಟ್ಟೆ. ಸುಮ್ಮನೆ ಇಟ್ಟರೆ ದಿನಗಟ್ಟಲೆ ಕಾಯಬೇಕು. ಕದಡುತ್ತಿದ್ದರೆ ಬೇಗ, ಹಿಂದಿನ ಸಲದ ನಾರಿನ ಚೂರನ್ನು ಹೆಪ್ಪಿನಂತೆ ಸೇರಿಸಿದರೆ ಇನ್ನೂ ಬೇಗ. ನಮ್ಮ ಮಳೆಗಾಲದ ತೇವದಲ್ಲಿ ಲೈಸೊಜೈಮ್ ಪುಡಿ ನೀರು ಹೀರುತ್ತದೆ. ಹೀಗಾಗಿ ತೂಕವನ್ನು ನಂಬದೆ, 280 ನ್ಯಾನೋಮೀಟರ್ ತರಂಗಾಂತರದಲ್ಲಿ ಬೆಳಕಿನ ಹೀರಿಕೆ ಅಳೆದು ಸಾಂದ್ರತೆ ಲೆಕ್ಕಹಾಕಿದೆ. ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಹೀರಿಕೆ ಸುಮಾರು 2.64 ಬರುತ್ತದೆ. ಇನ್ನು ಕರೆಂಟು: ಜುಲೈ, ಆಗಸ್ಟ್‌ನಲ್ಲಿ ಅದನ್ನು ನೆಚ್ಚಿ 60 ಡಿಗ್ರಿ ಕಾಯ್ದುಕೊಳ್ಳುವ ಧೈರ್ಯ ನನಗಿಲ್ಲ. ಸೊಪ್ಪಿಗೆ ಮಾತ್ರ ಆಗಲೇ ಕಾಲ. ಕುದಿಸಿ ಸೋಸಿದ ರಸವನ್ನು ಸಣ್ಣ ಸಣ್ಣ ಕೊಳವೆಗಳಲ್ಲಿ ಹೆಪ್ಪುಗಟ್ಟಿಸಿ ಇಟ್ಟು, ಪ್ರಯೋಗವನ್ನು ಜನವರಿಗೆ ಇಟ್ಟುಕೊಂಡೆ.

ನಾರು ಆಯಿತೋ ಇಲ್ಲವೋ ಎಂದು ತಿಳಿಸುವ ಮಾಮೂಲಿ ಬಣ್ಣ ಥಯೋಫ್ಲೇವಿನ್ ಟಿ. ನಾರಿಗೆ ಅಂಟಿಕೊಂಡಾಗ ಅದು 440 ನ್ಯಾನೋಮೀಟರಿನ ಬೆಳಕನ್ನು ಹೀರಿ 482ರ ಸುತ್ತ ಹೊಳೆಯುತ್ತದೆ. ಆಮ್ಲದ ಮಿಶ್ರಣದಲ್ಲೇ ಅಳೆಯದೆ, ಸ್ವಲ್ಪ ತೆಗೆದು ತಟಸ್ಥ ಬಫರಿಗೆ ಹಾಕಿ ಅಳೆಯಬೇಕು. ರಸವಿಲ್ಲದ ಕೊಳವೆಯ ಹೊಳಪಿನಲ್ಲಿ ಮೊದಲು ಏನೂ ಕಾಣದ ಒಂದು ವಿಳಂಬದ ಹಂತ, ಆಮೇಲೆ ಥಟ್ಟನೆ ಏರಿಕೆ, ಕೊನೆಗೆ ಸಮತಟ್ಟು. ರಸ ಹಾಕಿದ ಕೊಳವೆಯಲ್ಲಿ ಆ ಏರಿಕೆ ಬಹುಪಾಲು ಮಾಯವಾಗಿತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ‘ಮದ್ದು ಸೊಪ್ಪಿನಿಂದ ಅಮಿಲಾಯ್ಡ್‌ಗೆ ತಡೆ’ ಎಂಬ ತಲೆಬರಹ ಸಿದ್ಧವಿತ್ತು. ಆದರೆ ಈ ರಸ ಕಡುನೇರಳೆ. ಪಾಯಸದ ಪಾತ್ರೆಗೆ, ತಿಂದವರ ನಾಲಗೆಗೆ, ಮರುದಿನ ಮೂತ್ರಕ್ಕೂ ಬಣ್ಣ ಹತ್ತಿಸುವ ರಸ ಕೊಳವೆಯಲ್ಲಿ ಬೆಳಕನ್ನು ಮಾತ್ರ ಬಿಟ್ಟೀತೇ? ಅರಿಶಿನದ ಕರ್ಕ್ಯುಮಿನ್‌ನದೂ ಇದೇ ಕಥೆ. ಬಣ್ಣವಿರುವ ವಸ್ತು ಬೆಳಕನ್ನು ತಾನೇ ನುಂಗಬಹುದು, ಇಲ್ಲವೇ ಥಯೋಫ್ಲೇವಿನ್ ಕೂರುವ ಜಾಗದಲ್ಲಿ ತಾನು ಕೂರಬಹುದು. ಅದಕ್ಕಾಗಿಯೇ ಮೊದಲಿನಿಂದಲೂ ಹೋಲಿಕೆಗೆಂದು ಒಂದು ಕಂಟ್ರೋಲ್ ಇಟ್ಟಿದ್ದೆ: ರಸವಿಲ್ಲದೆ ನಾರು ಪೂರ್ತಿ ಬೆಳೆದ ಕೊಳವೆಗೆ, ಅಳೆಯುವ ಕ್ಷಣದಲ್ಲಿ ಅಷ್ಟೇ ರಸ ಸೇರಿಸುವುದು. ಅಲ್ಲೂ ಹೊಳಪು ತಕ್ಷಣ ಕುಸಿಯಿತು. ಆಗಲೇ ಗಟ್ಟಿಯಾದ ನಾರು ಕಣ್ಣು ಮಿಟುಕಿಸುವುದರೊಳಗೆ ಕರಗುವುದಿಲ್ಲ. ಅಂದರೆ ಕುಸಿದದ್ದು ಹೊಳಪು, ನಾರಲ್ಲ.

ಹಾಗಾಗಿ ಹೊಳಪನ್ನು ಬಿಟ್ಟು ಬೇರೆ ದಾರಿ ಹಿಡಿದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳಕ್ಕಿಳಿದದ್ದನ್ನು ಬಣ್ಣ ಹೋಗುವವರೆಗೆ ತೊಳೆದು ಕಾಂಗೋ ರೆಡ್ ಎಂಬ ಬಣ್ಣ ಹಾಕಿದೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಎರಡು ಪೋಲರಾಯ್ಡ್ ಹಾಳೆಗಳನ್ನು ಅಡ್ಡಡ್ಡ ಜೋಡಿಸಿದರೆ ಅಮಿಲಾಯ್ಡ್ ಹಸಿರು ಸೇಬಿನ ಬಣ್ಣದಲ್ಲಿ ಕಾಣುತ್ತದೆ. ರಸವಿದ್ದ ಕೊಳವೆಯ ತಳದಲ್ಲೂ ಆ ಹಸಿರು ಇತ್ತು. ಮೇಲಿನ ತಿಳಿಯಲ್ಲಿ ಉಳಿದ ಪ್ರೋಟೀನನ್ನು, ಗಾತ್ರದ ಪ್ರಕಾರ ಪಟ್ಟಿಗಳಾಗಿ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ ನೋಡಿದೆ. ರಸ ನಿಜವಾಗಿಯೂ ತಡೆದಿದ್ದರೆ, ಇಡೀ ಲೈಸೊಜೈಮ್ ಅಣುವಿನ ತೂಕವಾದ 14 ಕಿಲೋಡಾಲ್ಟನ್‌ನ ಪಟ್ಟಿ ಅಲ್ಲಿ ದಪ್ಪವಾಗಿರಬೇಕಿತ್ತು. ಎದ್ದು ಕಾಣುವ ವ್ಯತ್ಯಾಸ ನನಗೆ ಸಿಗಲಿಲ್ಲ. ಕೆಳಗೆ ಕಾಣುವ ಚಿಕ್ಕ ಪಟ್ಟಿಗಳಿಗೆ ಗಾಬರಿಯಾಗಬೇಕಿಲ್ಲ, ಬಿಸಿ ಆಮ್ಲದಲ್ಲಿ ಲೈಸೊಜೈಮ್ ಅಲ್ಲಲ್ಲಿ ತುಂಡಾಗುತ್ತದೆ.

ಇದರಿಂದ ಸೊಪ್ಪು ನಿಷ್ಪ್ರಯೋಜಕ ಎಂದೂ ಹೇಳಲಾಗದು. ಅಷ್ಟು ಬಿಸಿಗೆ, ಆಮ್ಲಕ್ಕೆ ರಸದ ಒಳಗಿನ ಅಂಶಗಳೇ ಕೆಟ್ಟಿರಬಹುದು. ಮಿದುಳಿನಲ್ಲಿರುವುದು 37 ಡಿಗ್ರಿ, ಪಿಎಚ್ ಏಳರ ಆಸುಪಾಸು. ಕೊಳವೆಯ ನಾರು ಮಿದುಳಿನ ನಾರಲ್ಲ: ಆಲ್ಝೈಮರ್ ರೋಗಿಯ ಮಿದುಳಿನಿಂದ ತೆಗೆದ ಟೌ ನಾರಿನ ರಚನೆಯನ್ನು 2017ರಲ್ಲಿ ಕ್ರಯೋ (ಮಾದರಿಯನ್ನು ಅತಿ ತಣ್ಣಗೆ ಹೆಪ್ಪುಗಟ್ಟಿಸಿ ನೋಡುವ) ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಬಿಡಿಸಿದ ಮೇಲೆ, ಬೇರೆ ಬೇರೆ ಕಾಯಿಲೆಗಳಲ್ಲಿ ಅದೇ ಟೌ ಬೇರೆ ಬೇರೆ ರೀತಿ ಮಡಚಿಕೊಂಡಿರುವುದು ಗೊತ್ತಾಯಿತು. ಇನ್ನೊಂದು ತೊಡಕೂ ಇದೆ. ನಾರಾಗುವ ಮುನ್ನಿನ ಸಣ್ಣ ಗುಂಪುಗಳೇ ನರಕೋಶಕ್ಕೆ ಹೆಚ್ಚು ವಿಷ ಎಂದು ಅನೇಕ ಸಂಶೋಧಕರು ಶಂಕಿಸುತ್ತಾರೆ. ನಾರನ್ನು ತಡೆದು ಆ ಗುಂಪುಗಳನ್ನು ಹಾಗೆಯೇ ಉಳಿಸುವ ವಸ್ತು ಮದ್ದಾಗುವ ಬದಲು ಕೇಡೇ ಮಾಡಬಹುದು. ನನ್ನ ಪುಟ್ಟ ಸೆಂಟ್ರಿಫ್ಯೂಜ್ ಅವುಗಳನ್ನು ತಳಕ್ಕಿಳಿಸುವುದೂ ಇಲ್ಲ.

ಈ ಸಲ ವಿದ್ಯಾರ್ಥಿಗಳು ಕೇಳಿದಾಗ ಹೊಳಪು ಅಳೆದ ಎರಡೂ ನಕ್ಷೆಗಳನ್ನು ಮೇಜಿನ ಮೇಲಿಟ್ಟು, ಯಾವ ಕೊಳವೆಗೆ ರಸ ಯಾವಾಗ ಹಾಕಿದ್ದು ಎಂದು ಮಾತ್ರ ಹೇಳಿದೆ. ಮುಂದಿನ ಕಕ್ಕಡದ ಸೊಪ್ಪಿನಿಂದ ನೇರಳೆ ಬಣ್ಣವನ್ನು ಬೇರ್ಪಡಿಸಿ, ಉಳಿದ ಭಾಗವನ್ನಷ್ಟೇ ಪರೀಕ್ಷಿಸುವ ಕೆಲಸವನ್ನು ಅವರಲ್ಲಿ ಇಬ್ಬರು ವಹಿಸಿಕೊಂಡಿದ್ದಾರೆ.