ಸರ್ವೋ ಎಷ್ಟು ಭಾರ ಎತ್ತುತ್ತೆ? ಒಂದು ಭಾಗಾಕಾರ ಸಾಕು
ರೋಬೋ ತೋಳಿಗೆ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟರ್) ಆರಿಸುವಾಗ ಅದರ ಕೆಜಿ-ಸೆಂಮೀ ಅಂಕಿಯನ್ನು, ಅಂದರೆ ಅದರ ಟಾರ್ಕ್ ಅಥವಾ ತಿರುಗಿಸುವ ಶಕ್ತಿಯನ್ನು, ತೋಳಿನ ಉದ್ದದಿಂದ (ಸೆಂಮೀ ಲೆಕ್ಕದಲ್ಲಿ) ಭಾಗಿಸಿ, ಬಂದ ಉತ್ತರದ ಮೂರನೇ ಒಂದು ಭಾಗವನ್ನಷ್ಟೇ ನಂಬಿ. ಎಸ್‌ಜಿ90 ಎಂಬ ಪುಟ್ಟ ಸರ್ವೋಗೆ 4.8 ವೋಲ್ಟ್‌ನಲ್ಲಿ ಸುಮಾರು 1.8 ಕೆಜಿ-ಸೆಂಮೀ ಅಂತ ಇರುತ್ತೆ. 10 ಸೆಂಮೀ ತೋಳಿನ ತುದಿಯಲ್ಲಿ ಅದು 180 ಗ್ರಾಂ. ಆದರೆ ಅದು ಮೋಟರ್ ತಿಣುಕಿ ನಿಂತೇಬಿಡುವ ಮಿತಿ, ಹಾಗಾಗಿ 60 ಗ್ರಾಂ ಅಂದುಕೊಳ್ಳಿ. ಟಾರ್ಕ್ ಅಂದರೆ ಬಲ ಗುಣಿಸು ದೂರ. ಬಾಗಿಲನ್ನು ಕೀಲಿನಿಂದ ದೂರ ತಳ್ಳಿದಷ್ಟೂ ಸಲೀಸು ಅಲ್ಲವೇ, ಇಲ್ಲಿ ಆ ಅನುಕೂಲ ತುದಿಯಲ್ಲಿರುವ ಭಾರದ ಪಾಲಿಗೆ ಹೋಗುತ್ತೆ. ತೋಳಿನ ತೂಕವನ್ನು ದಯವಿಟ್ಟು ಮರೆಯಬೇಡಿ: ಒಂದೇ ದಪ್ಪದ ಪಟ್ಟಿಯಾದರೆ ಅದರ ಅರ್ಧ ತೂಕ ತುದಿಯಲ್ಲಿದೆ ಅಂತ ಹಿಡಿದು ಆ 60ರಲ್ಲಿ ಕಳೆಯಿರಿ. ತುದಿಯಲ್ಲಿ ವಸ್ತುವನ್ನು ಹಿಡಿಯುವ ಹಿಡಿಕೆ, ಅದರ ಪುಟ್ಟ ಮೋಟರ್ ಎಲ್ಲವೂ ಉಳಿದದ್ದರಲ್ಲೇ ಬರಬೇಕು. ತೋಳು ನೆಲಕ್ಕೆ ಸಮಾನಾಂತರವಾಗಿ ಚಾಚಿದಾಗಲೇ ಹೊರೆ ಅತಿ ಹೆಚ್ಚು, ಲೆಕ್ಕ ಆ ಸ್ಥಿತಿಗೇ ಹಾಕಿ. ತೋಳನ್ನು ರಭಸವಾಗಿ ಬೀಸಿದರೆ ಅಥವಾ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಈ ಲೆಕ್ಕ ಕೈಕೊಡುತ್ತೆ. ಬುಡದಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸುವ ಮೋಟರ್‌ಗೂ ಇದು ಹೊಂದುವುದಿಲ್ಲ, ಯಾಕೆಂದರೆ ಅದು ಭಾರವನ್ನು ಮೇಲೆತ್ತುವುದೇ ಇಲ್ಲ.