ಸಂಘಕ್ಕೆ ಹೊರಗಿನವರ ಪತ್ರ ಬಂದರೆ ಆಡಳಿತ ಮಂಡಳಿ ಏನು ಮಾಡಬೇಕು?

ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಸಂಘ-ಸಂಸ್ಥೆಗಳಿಗೆ ಬರ ಇಲ್ಲ. ಕೃಷಿ ಪತ್ತಿನ ಸಹಕಾರ ಸಂಘ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಳಕೆದಾರರ ಸಂಘ, ಶಾಲೆ ನಡೆಸುವ ಶಿಕ್ಷಣ ಸಂಸ್ಥೆ, ಗುಡಿಯ ಟ್ರಸ್ಟು, ಹೀಗೆ. ಸದಸ್ಯರ ಅರ್ಜಿಯಾದರೆ ಹೇಗೋ ನಡೆಯುತ್ತದೆ, ಎಲ್ಲರೂ ಮುಖ ಪರಿಚಯದವರೇ. ತೊಡಕು ಶುರುವಾಗುವುದು ಹೊರಗಿನವರು ಬರೆದಾಗ: ಪಕ್ಕದೂರಿನ ರೈತ, ಬಾಕಿ ಕೇಳುವ ಗೊಬ್ಬರದ ವ್ಯಾಪಾರಿ, ಮಗುವಿನ ತಂದೆ, ವಕೀಲರು. ಅಧ್ಯಕ್ಷರು ಓದಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಇಲ್ಲವೇ ಪತ್ರ ಕಾರ್ಯದರ್ಶಿಯ ಡ್ರಾದಲ್ಲೇ ಉಳಿಯುತ್ತದೆ, ಮೂರು ತಿಂಗಳಾದ ಮೇಲೆ ಕೋರ್ಟಿನಿಂದ ಸಮನ್ಸ್ ಬಂದಾಗ ನಿರ್ದೇಶಕರೆಲ್ಲ "ನಮಗೆ ಗೊತ್ತೇ ಇರಲಿಲ್ಲ" ಅನ್ನುತ್ತಾರೆ. ಸಂಘದ ವಿಳಾಸಕ್ಕೆ ಬಂದ ಪತ್ರ ಇಡೀ ಮಂಡಳಿಯದು. ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ಮೊದಲ ಕೆಲಸ ಆವಕ ವಹಿ, ಅಂದರೆ ಬಂದ ಪತ್ರಗಳ ದಾಖಲೆ ಪುಸ್ತಕ. ಪತ್ರ ಬಂದ ದಿನವೇ ಸೀಲು ಹೊಡೆದು, ನಂಬರ್ ಹಾಕಿ, ಯಾರಿಂದ ಬಂತು, ಏನು ವಿಷಯ ಅಂತ ಬರೆಯಿರಿ. ಕೈಯಲ್ಲಿ ತಂದುಕೊಟ್ಟವರಿಗೆ ಅವರ ನಕಲು ಪ್ರತಿಯ ಮೇಲೆ ಸಹಿ ಮಾಡಿ ಕೊಡಿ. ಅಂಚೆಯಲ್ಲಿ ಬಂದಿದ್ದರೆ ಲಕೋಟೆಯನ್ನೂ ಪಿನ್ ಮಾಡಿ ಇಡಿ, ತಾರೀಖಿನ ತಕರಾರು ಎದ್ದಾಗ ಅದೇ ಸಾಕ್ಷಿ. ಇ-ಮೇಲ್ ಆದರೆ ಪ್ರಿಂಟ್ ತೆಗೆದು ಅದೇ ವಹಿಗೆ ಹತ್ತಿಸಿ. ಅಧ್ಯಕ್ಷರ ವಾಟ್ಸಾಪ್‌ಗೆ ಬಂದದ್ದಕ್ಕೂ ಇದೇ ನಿಯಮ.

ಆಮೇಲೆ ಪತ್ರಗಳನ್ನು ಬೇರೆ ಮಾಡಬೇಕು. ಇಲ್ಲೇ ಜಾಸ್ತಿ ಎಡವಟ್ಟು ಆಗುವುದು. ಆಹ್ವಾನ, ಕೊಟೇಶನ್, ಮಾಮೂಲಿ ವಿಚಾರಣೆ ಇವನ್ನೆಲ್ಲ ಕಾರ್ಯದರ್ಶಿಯೇ ಮುಗಿಸಲಿ, ಸಭೆಗೆ ಬರೀ ಪಟ್ಟಿ ಬಂದರೆ ಸಾಕು. ಆದರೆ ಕೆಲವು ಪತ್ರಗಳು ಮುಂದಿನ ಸಭೆಯವರೆಗೆ ಕಾಯುವುದಿಲ್ಲ. ಚೆಕ್ ಬೌನ್ಸ್ ಆಗಿದೆ ಅಂತ ನೋಟಿಸ್ ಬಂದರೆ, ಕೈಗೆ ಸಿಕ್ಕ ದಿನದಿಂದ 15 ದಿನದೊಳಗೆ ಹಣ ಕಟ್ಟದಿದ್ದರೆ ಎದುರಿನವರು ಕೇಸು ಹಾಕಬಹುದು. ಶಾಲೆ ನಡೆಸುವವರಿಗೆ ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ಯಾರೇ ಬರೆದರೂ ಅದನ್ನು ಮಂಡಳಿ ಮುಂದಿಟ್ಟು ಚರ್ಚೆ ಮಾಡುತ್ತಾ ಕೂರುವಂತಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಟ್ಟರೆ ಅದೇ ಅಪರಾಧ, ಸಂಸ್ಥೆಯ ಹೊಣೆ ಹೊತ್ತವರಿಗೆ ಜೈಲು ಶಿಕ್ಷೆಯೂ ಆಗಬಹುದು.

ಮಾಹಿತಿ ಹಕ್ಕಿನ ಅರ್ಜಿ ಬಂದರೆ ಹೆದರುವುದೂ ಬೇಡ, ಕಸದ ಬುಟ್ಟಿಗೆ ಹಾಕುವುದೂ ಬೇಡ. ಸಹಕಾರ ಸಂಘ ಅಂದ ಮಾತ್ರಕ್ಕೆ ಅದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ, ಕೇರಳದ ಒಂದು ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ. ಆದರೆ ಸಂಸ್ಥೆ ಗಣನೀಯ ಪ್ರಮಾಣದಲ್ಲಿ ಸರ್ಕಾರದ ದುಡ್ಡಿನಿಂದ ನಡೆಯುತ್ತಿದ್ದರೆ ಕಾಯ್ದೆ ಅನ್ವಯವಾಗುತ್ತದೆ, ಆಗ 30 ದಿನದೊಳಗೆ ಉತ್ತರ ಕೊಡಬೇಕು. ಯಾವುದು ಅಂತ ಗೊಂದಲ ಇದ್ದರೆ ವಕೀಲರನ್ನು ಕೇಳಿ, ಅರ್ಜಿದಾರರಿಗೆ ಕಾರಣ ಬರೆದು ಹಿಂಬರಹ (ಲಿಖಿತ ಉತ್ತರ) ಕೊಡಿ.

ಕಾರ್ಯದರ್ಶಿಯ ಮೇಲೇ ದೂರು ಬಂದರೆ? ಅದೇ ಕಾರ್ಯದರ್ಶಿ ಉತ್ತರ ಬರೆಯುವುದು ಸರಿಯಲ್ಲ ಅಲ್ವಾ. ಅಧ್ಯಕ್ಷರಿಗೆ ನೇರವಾಗಿ ಹೋಗಲಿ. ಅಧ್ಯಕ್ಷರ ಮೇಲಿನ ದೂರಾದರೆ ಉಪಾಧ್ಯಕ್ಷರು ನೋಡಲಿ, ಸಭೆಯಲ್ಲಿ ಆ ವಿಷಯ ಬಂದಾಗ ಅಧ್ಯಕ್ಷರು ಎದ್ದು ಹೊರಗೆ ಕೂರಲಿ. ಅವರು ಹೊರಗಿದ್ದದ್ದು ನಡಾವಳಿ ಪುಸ್ತಕದಲ್ಲೂ ಬರಲಿ.

ಮೂಗರ್ಜಿ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಯಾರು ಬರೆದಿರಬಹುದು ಅಂತ ಅಕ್ಷರ ನೋಡಿ ಹುಡುಕಲು ಹೋಗಬೇಡಿ, ಅದರಿಂದ ಊರೊಳಗೆ ಜಗಳ ಹುಟ್ಟುತ್ತದೆ ಅಷ್ಟೇ. ರಶೀದಿ ನಂಬರ್, ತಾರೀಖು, ಮೊತ್ತ ಹೀಗೆ ಪರೀಕ್ಷಿಸಬಹುದಾದ ವಿಷಯ ಇದ್ದರೆ ಪರೀಕ್ಷಿಸಿ. ಬರೀ ಬೈಗುಳ ಇದ್ದರೆ ವಹಿಯಲ್ಲಿ ನಮೂದಿಸಿ ಫೈಲಿಗೆ ಸೇರಿಸಿ.

ಉತ್ತರ ಒಂದೇ ಕಡೆಯಿಂದ ಹೋಗಬೇಕು. ಕಾಲುವೆಯ ಕೊನೆ ಭಾಗದ ರೈತರೊಬ್ಬರು "ಮೇಲಿನವರು ತೂಬು ಮುಚ್ಚುತ್ತಿಲ್ಲ, ನಮ್ಮ ಭತ್ತ ಒಣಗುತ್ತಿದೆ" ಅಂತ ಬರೆದಿದ್ದಾರೆ ಅಂದುಕೊಳ್ಳಿ. ಒಬ್ಬ ನಿರ್ದೇಶಕರು ಫೋನ್ ಮಾಡಿ "ನಾಳೆ ನೀರು ಬಿಡಿಸುತ್ತೇನೆ" ಅನ್ನುತ್ತಾರೆ, ಇನ್ನೊಬ್ಬರು ಚಹಾದಂಗಡಿಯಲ್ಲಿ "ಅವರು ನಮ್ಮ ಸದಸ್ಯರೇ ಅಲ್ಲ" ಅನ್ನುತ್ತಾರೆ. ಎರಡೂ ಸಂಘದ ಮಾತಾಗಿಬಿಡುತ್ತದೆ. ಅದಕ್ಕೇ ಯಾರು ಸಹಿ ಮಾಡಬೇಕು ಅಂತ ಮೊದಲೇ ಠರಾವು ಮಾಡಿಟ್ಟುಕೊಳ್ಳಿ. ಉಳಿದ ನಿರ್ದೇಶಕರು "ಪತ್ರ ಕಚೇರಿಗೆ ಕೊಡಿ, ಸಭೆಗೆ ಬರುತ್ತದೆ" ಅಂದರೆ ಸಾಕು. ಒಂದು ವಾರದೊಳಗೆ ಪತ್ರ ತಲುಪಿದೆ, ಇಂಥ ಸಭೆಯಲ್ಲಿ ಇಡುತ್ತೇವೆ ಅಂತ ಎರಡು ಸಾಲು ಬರೆಯಿರಿ. ನೀರಿಲ್ಲದೆ ಬೆಳೆ ಒಣಗುತ್ತಿರುವವರಿಗೆ ಆ ಎರಡು ಸಾಲೂ ದೊಡ್ಡದು. ನಿರ್ಣಯ ಆದ ಮೇಲೆ ಆದದ್ದನ್ನು, ಆಗದಿದ್ದರೆ ಯಾಕೆ ಅನ್ನುವುದನ್ನು ನೇರ ಮಾತಿನಲ್ಲಿ ತಿಳಿಸಿ, ಪ್ರತಿಯನ್ನು ಜಾವಕ ವಹಿಗೆ, ಅಂದರೆ ಕಳಿಸಿದ ಪತ್ರಗಳ ಪುಸ್ತಕಕ್ಕೆ, ಹತ್ತಿಸಿ.

ಪ್ರತಿ ಸಭೆಯಲ್ಲೂ ಬಾಕಿ ಪತ್ರಗಳ ಪಟ್ಟಿ ಓದಿಸಿ. ಮಂಡಳಿ ಬದಲಾಗುವಾಗ ನಗದು, ಚೆಕ್ ಪುಸ್ತಕದ ಜತೆ ಈ ಪಟ್ಟಿಯನ್ನೂ ಹೊಸಬರಿಗೆ ಕೊಟ್ಟು ಸಹಿ ತೆಗೆದುಕೊಳ್ಳಿ.