ಕುಕ್ಕರ್, ಕವರ್, ಕರೆಂಟ್: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ‘ಸಿ’ ಅಕ್ಷರದ ಕೆಲವು ಪದಗಳು

ಬಾಡಿಗೆ ಮನೆ ತೋರಿಸುವ ಏಜೆಂಟ್ ಅಡುಗೆಮನೆಯಲ್ಲಿ ನಿಂತು “ಕುಕ್ಕರ್ ಮನೆ ಜೊತೆಗೇ ಬರುತ್ತೆ” ಅಂದರೆ, ಊರಿಂದ ಸೂಟ್‌ಕೇಸಿನಲ್ಲಿ ತಂದ ಐದು ಲೀಟರಿನ ಕುಕ್ಕರನ್ನು ಯಾರಿಗೂ ಕೊಟ್ಟುಬಿಡಬೇಡಿ. ಅವರು ಹೇಳುತ್ತಿರುವುದು ಒಲೆಯ ವಿಷಯ. ಇಲ್ಲಿ ಕುಕ್ಕರ್ ಅಂದರೆ ಮೇಲೆ ನಾಲ್ಕು ಉರಿ, ಕೆಳಗೆ ಅವನ್ ಇರುವ ಇಡೀ ಒಲೆ. ಬೇಳೆಗೆ ಮೂರು ಸಲ ಕೂಗುವ ನಮ್ಮ ಕುಕ್ಕರಿಗೆ ‘ಪ್ರೆಷರ್ ಕುಕ್ಕರ್’ ಎಂದು ಪೂರ್ತಿ ಹೆಸರು ಹೇಳಬೇಕು. ಅದೇ ಹೊತ್ತಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಬಿಡಿ: ಒಲೆ ಗ್ಯಾಸಿನದೋ, ಇಂಡಕ್ಷನ್ನೋ? ಇಂಡಕ್ಷನ್ ಆದರೆ ಬರೀ ಅಲ್ಯುಮಿನಿಯಂ ತಳದ ಕುಕ್ಕರ್ ಬಿಸಿಯಾಗುವುದಿಲ್ಲ. ಊರಿಂದ ಹೊರಡುವ ಮೊದಲೇ ತಳಕ್ಕೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿಕೊಂಡರೆ ತನ್ನಿ.

ನಾನು ಹಾಸನದಿಂದ ಇಲ್ಲಿನ ರೆಡಿಂಗ್ ಊರಿಗೆ ಬಂದದ್ದು 2006ರಲ್ಲಿ. ಆಮೇಲೆ ಬಂದ ಎಷ್ಟೋ ಮನೆಯವರ ಜೊತೆ ಬ್ಯಾಂಕಿಗೆ, ಶಾಲೆಗೆ, ಆಸ್ಪತ್ರೆಗೆ ಓಡಾಡಿದ್ದೇನೆ. ಓಡಾಡುತ್ತಾ ಒಂದು ವಿಷಯ ಮನದಟ್ಟಾಯಿತು. ಗೊತ್ತಿಲ್ಲದ ಪದದಿಂದ ನಮಗೆ ತೊಂದರೆ ಕಡಿಮೆ. ಗೊತ್ತಿಲ್ಲ ಅಂತ ಗೊತ್ತಿರುತ್ತದೆ, ಯಾರನ್ನಾದರೂ ಕೇಳುತ್ತೇವೆ. ತೊಂದರೆ ಕೊಡುವುದು ನಮ್ಮ ಅಜ್ಜಿಯ ಬಾಯಲ್ಲೂ ಇದ್ದ ಪದಗಳು. ಕವರ್, ಕರೆಂಟ್, ಕಾಟು, ಕಾಲೇಜು, ಕಾನ್ವೆಂಟು ಎಂದೋ ನಮ್ಮೂರಿಗೆ ಬಂದು, ನಮ್ಮ ಮನೆಗಳಿಗೆ ಬೇಕಾದ ಅರ್ಥ ಪಡೆದು, ಕನ್ನಡದ ಪದಗಳೇ ಆಗಿಬಿಟ್ಟಿವೆ. ಅವನ್ನು ಇಲ್ಲಿ ಆಡಿದಾಗ ಎದುರಿನವರಿಗೆ ಬೇರೆಯೇ ಅರ್ಥ ಕೇಳಿಸುತ್ತದೆ. “ನನ್ನ ಇಂಗ್ಲಿಷ್ ಸರಿಯಿಲ್ಲ” ಎಂದು ಕುಗ್ಗುವವರನ್ನು ಕಂಡಾಗೆಲ್ಲ ನನಗೆ ಬೇಸರವಾಗುತ್ತದೆ. ನಿಮ್ಮ ಇಂಗ್ಲಿಷ್ ಚೆನ್ನಾಗಿಯೇ ಇದೆ, ನೀವು ಆಡಿದ್ದು ಕನ್ನಡ ಪದ, ಅಷ್ಟೇ. ‘ಸಿ’ ಅಕ್ಷರದಲ್ಲಿ ಇಂಥವು ಬಹಳ ಇರುವುದರಿಂದ ಅದೊಂದನ್ನೇ ಹಿಡಿದು ಬರೆಯುತ್ತಿದ್ದೇನೆ.

ಕಾಟ್ ನೋಡಿ. ನಮಗೆ ಡಬಲ್ ಕಾಟ್ ಅಂದರೆ ಗಂಡ ಹೆಂಡತಿ ಮಲಗುವ ಮಂಚ. ಇಲ್ಲಿ ಕಾಟ್ ಅಂದರೆ ಸುತ್ತ ಕಂಬಿ ಇರುವ ಎಳೆಮಗುವಿನ ಮಂಚ ಮಾತ್ರ. ಅಂಗಡಿಯಲ್ಲಿ ಕಾಟ್ ಕೇಳಿದರೆ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗಿ, ಹೆರಿಗೆ ಯಾವಾಗ ಎಂದು ಪ್ರೀತಿಯಿಂದ ವಿಚಾರಿಸುತ್ತಾರೆ. ದೊಡ್ಡವರದಕ್ಕೆ ಬೆಡ್ ಎನ್ನಿ. ಹೋಟೆಲ್ ಬುಕ್ ಮಾಡುವಾಗ ಕಾಟ್ ಬೇಕೇ ಎಂದು ಕೇಳಿದ್ದರೆ ಅದೂ ಮಗುವಿಗೇ. ಮಗು ಹುಟ್ಟಿದ ಮೇಲೆ ಈ ಪದ ದಿನವೂ ಕಿವಿಗೆ ಬೀಳುತ್ತದೆ, ಯಾಕೆಂದರೆ ಮೊದಲ ಆರು ತಿಂಗಳು ಮಗುವನ್ನು ತಾಯ್ತಂದೆ ಮಲಗುವ ಕೋಣೆಯಲ್ಲೇ, ಅದರದೇ ಕಾಟ್‌ನಲ್ಲಿ ಮಲಗಿಸಿ ಎನ್ನುವುದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಸಲಹೆ. ಈ ಪದದ ಪ್ರಯಾಣ ನನಗೆ ಬಹಳ ಇಷ್ಟ. ಹಿಂದಿಯ ‘ಖಾಟ್’ ಇಂಗ್ಲಿಷರ ಬಾಯಿಗೆ ಹೋಗಿ ಕಾಟ್ ಆಯಿತು. ಆ ಖಾಟ್‌ನ ಬೇರು ಸಂಸ್ಕೃತದ ‘ಖಟ್ವಾ’. ನಮ್ಮ ಕಡೆಯಿಂದ ಹೋದ ಮಂಚ ಇಲ್ಲಿ ಕೂಸಿನ ಮಂಚವಾಗಿ ಕೂತಿದೆ.

ಅಂಗಡಿಯಲ್ಲಿ “ಒಂದು ಕವರ್ ಕೊಡಿ” ಎಂದರೆ ಗಲ್ಲಾದಲ್ಲಿರುವವರಿಗೆ ತಿಳಿಯುವುದಿಲ್ಲ. ಅದು ಕ್ಯಾರಿಯರ್ ಬ್ಯಾಗ್. ಇಂಗ್ಲೆಂಡಿನಲ್ಲಿ 2015ರಿಂದ ಅದಕ್ಕೆ 5 ಪೆನ್ಸ್ ಇತ್ತು, 2021ರ ಮೇ ತಿಂಗಳಿಂದ ಕನಿಷ್ಠ 10 ಪೆನ್ಸ್. ಕೈಚೀಲ ಒಯ್ಯುವ ನಮ್ಮ ಅಮ್ಮಂದಿರ ಅಭ್ಯಾಸವೇ ಒಳ್ಳೆಯದು. ಕ್ಯಾಪ್ಸಿಕಂ ಇಲ್ಲಿ ಪೆಪ್ಪರ್. ಚಿಪ್ಸ್ ಎಂದರೆ ಬಿಸಿಬಿಸಿ ದಪ್ಪ ಆಲೂಗೆಡ್ಡೆ ತುಂಡುಗಳು, ಪ್ಯಾಕೆಟ್ಟಿನ ಗರಿಗರಿ ಚಿಪ್ಸಿಗೆ ಕ್ರಿಸ್ಪ್ಸ್ ಎಂದು ಕೇಳಬೇಕು. ‘ಫಿಲ್ಟರ್ ಕಾಫಿ’ ಎಂಬ ಬೋರ್ಡು ನೋಡಿ ಆಸೆಯಿಂದ ಒಳಗೆ ಹೋಗಬೇಡಿ, ಸಿಗುವುದು ಕಾಗದದಲ್ಲಿ ಸೋಸಿದ ಕಪ್ಪು ಕಾಫಿ. ಡಿಕಾಕ್ಷನ್ನಿನ ಫಿಲ್ಟರು ಊರಿಂದಲೇ ಬರಲಿ.

ಮೊಸರಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಸಸ್ಯಾಹಾರಿಗಳು ಇದನ್ನು ತಪ್ಪದೆ ಓದಿ. ನಾವು ಕರ್ಡ್ ಅನ್ನುತ್ತೇವೆ. ಇಲ್ಲಿನ ಅಂಗಡಿಯಲ್ಲಿ ಕರ್ಡ್ ಎಂದು ಬರೆದ ಬಾಟಲಿ ಕಂಡರೆ ಅದು ಬಹುಪಾಲು ಲೆಮನ್ ಕರ್ಡ್. ನಿಂಬೆರಸ, ಸಕ್ಕರೆ, ಬೆಣ್ಣೆ, ಜೊತೆಗೆ ಮೊಟ್ಟೆ ಹಾಕಿ ಮಾಡಿದ, ಬ್ರೆಡ್ಡಿಗೆ ಸವರುವ ಸಿಹಿ. ನಮ್ಮ ಪರಿಚಯದ ಹಿರಿಯರೊಬ್ಬರು, ಜನ್ಮದಲ್ಲಿ ಮೊಟ್ಟೆ ಮುಟ್ಟದವರು, ಬಂದ ಎರಡನೇ ದಿನ ಅದನ್ನು ಅನ್ನಕ್ಕೆ ಕಲಸಿಕೊಂಡು, ವಿಷಯ ತಿಳಿದ ಮೇಲೆ ಬಹಳ ನೊಂದುಕೊಂಡರು. ನಿಮಗೆ ಬೇಕಾದ್ದು ‘ನ್ಯಾಚುರಲ್ ಯೋಗರ್ಟ್’. ಮನೆಯಲ್ಲೇ ಹೆಪ್ಪು ಹಾಕುವುದಾದರೆ ಡಬ್ಬದ ಮೇಲೆ ‘ಲೈವ್’ ಎಂದಿರುವುದನ್ನು ತನ್ನಿ. ಹಾಲು ನೀಲಿ ಲೇಬಲ್ಲಿನದಿರಲಿ, ಅದೇ ಕೆನೆ ತೆಗೆಯದ ಹಾಲು. ಹಸಿರು ಲೇಬಲ್ಲಿನದು ಅರ್ಧ ಕೆನೆ ತೆಗೆದದ್ದು, ಕೆಂಪು ಲೇಬಲ್ಲಿನದು ಪೂರ್ತಿ ತೆಗೆದದ್ದು, ಅದರಲ್ಲಿ ಮೊಸರು ನೀರುನೀರಾಗುತ್ತದೆ. ಚಳಿಗಾಲದಲ್ಲಿ ಪಾತ್ರೆಯನ್ನು ಆರಿಸಿದ ಅವನ್ನಿನೊಳಗಿಟ್ಟು ಅದರ ದೀಪ ಮಾತ್ರ ಉರಿಯಲು ಬಿಡಿ. ಬೆಳಿಗ್ಗೆಗೆ ಗಟ್ಟಿ ಮೊಸರು ಸಿಗುತ್ತದೆ.

ಇನ್ನು ದುಡ್ಡಿನ ವಿಷಯ. ಕರೆಂಟ್ ಎಂದರೆ ನಮಗೆ ವಿದ್ಯುತ್ತು. ಕರೆಂಟ್ ಹೋದರೆ ಇಲ್ಲಿ ಪವರ್ ಕಟ್ ಎನ್ನುತ್ತಾರೆ, 105ಕ್ಕೆ ಕರೆ ಮಾಡಬೇಕು, ಆ ಕರೆಗೆ ದುಡ್ಡು ಬೀಳುವುದಿಲ್ಲ. ಬ್ಯಾಂಕಿನಲ್ಲಿ ಈ ಪದ ಇನ್ನೊಂದು ರೀತಿ ತೊಡಕು. ನಮ್ಮಲ್ಲಿ ಕರೆಂಟ್ ಅಕೌಂಟ್ ವ್ಯಾಪಾರಿಗಳದು, ಸಂಬಳದವರದು ಸೇವಿಂಗ್ಸ್. ಇಲ್ಲಿ ಸಂಬಳ ಬೀಳುವುದು, ಬಾಡಿಗೆ ಹೋಗುವುದು, ಕಾರ್ಡು ಸಿಗುವುದು ಎಲ್ಲವೂ ಕರೆಂಟ್ ಅಕೌಂಟಿನಿಂದ. ಸೇವಿಂಗ್ಸ್ ಎಂದರೆ ಉಳಿಕೆ ದುಡ್ಡು ತೆಗೆದಿಡುವ ಖಾತೆ ಮಾತ್ರ, ಸಾಮಾನ್ಯವಾಗಿ ಅದಕ್ಕೆ ಕಾರ್ಡೇ ಇರುವುದಿಲ್ಲ. ಮೊದಲ ದಿನ ಕೇಳಬೇಕಾದ್ದು ಕರೆಂಟ್ ಅಕೌಂಟ್.

ನಮ್ಮೂರಿನ ಕಾರ್ಪೊರೇಷನ್ ಕೆಲಸಗಳನ್ನು ಇಲ್ಲಿ ಮಾಡುವುದು ಕೌನ್ಸಿಲ್. ಕಸ, ಗ್ರಂಥಾಲಯ, ಪಾರ್ಕಿಂಗ್ ಪರ್ಮಿಟ್ ಎಲ್ಲಕ್ಕೂ ಅದೇ. ಬಂದವರೆಲ್ಲ ಬೆಚ್ಚಿಬೀಳುವುದು ಕೌನ್ಸಿಲ್ ಟ್ಯಾಕ್ಸಿಗೆ. ಊರಿನಲ್ಲಿ ಮನೆ ಕಂದಾಯ ಮಾಲೀಕರ ಹೊಣೆ. ಇಲ್ಲಿ ಇಡೀ ಮನೆ ಬಾಡಿಗೆಗೆ ಹಿಡಿದರೆ ಅದನ್ನು ಕಟ್ಟುವವರು ಸಾಮಾನ್ಯವಾಗಿ ಬಾಡಿಗೆದಾರರು. ಬಾಡಿಗೆ ಲೆಕ್ಕ ಹಾಕುವಾಗಲೇ ಇದನ್ನು ಸೇರಿಸಿ. ಇಂಗ್ಲೆಂಡಿನಲ್ಲಿ ಪ್ರತಿ ಮನೆಗೂ ಎ ಯಿಂದ ಎಚ್ ವರೆಗೆ ಒಂದು ಬ್ಯಾಂಡ್, ಅಂದರೆ ತೆರಿಗೆಯ ದರ್ಜೆ, ಇರುತ್ತದೆ, ಅದನ್ನು ನಿಗದಿ ಮಾಡುವುದು 1991ರ ಏಪ್ರಿಲ್ 1ಕ್ಕೆ ಮನೆಗೆ ಎಷ್ಟು ಬೆಲೆ ಇರುತ್ತಿತ್ತು ಎಂಬ ಲೆಕ್ಕದಲ್ಲಿ. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಶೇಕಡ 25 ರಿಯಾಯಿತಿ. ಇರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಕಟ್ಟುವ ಹಾಗೇ ಇಲ್ಲ. ಇವೆರಡೂ ಕೇಳಿದರೆ ಮಾತ್ರ ಸಿಗುತ್ತವೆ. ಹೆಂಡತಿಯ ವೀಸಾ ಬರುವವರೆಗೆ ಎಂಟು ತಿಂಗಳು ಒಬ್ಬರೇ ಇದ್ದು ಪೂರ್ತಿ ಟ್ಯಾಕ್ಸ್ ಕಟ್ಟಿದ ಹುಡುಗರನ್ನು ನಾನು ಬಲ್ಲೆ. ಈಗ ಯಾರೇ ಬಂದರೂ ನಾನು ಮೊದಲು ಕೇಳುವುದು ಇದನ್ನೇ.

ಬಹಳ ಮಂದಿಗೆ ತಿಳಿಯದ ಇನ್ನೊಂದು ‘ಸಿ’ ಇದೆ, ಕಾಮನ್‌ವೆಲ್ತ್. ಊರಿನಲ್ಲಿ ಅದು ನಾಲ್ಕು ವರ್ಷಕ್ಕೊಮ್ಮೆ ಬರುವ ಕ್ರೀಡಾಕೂಟ. ಇಲ್ಲಿ ಅದು ನಿಮ್ಮ ಹಕ್ಕು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ವೀಸಾದ ಮೇಲೆ ಕಾನೂನುಬದ್ಧವಾಗಿ ಇಲ್ಲಿ ನೆಲೆಸಿರುವ 18 ತುಂಬಿದ ಭಾರತೀಯ ಪ್ರಜೆ ಇಲ್ಲಿನ ಚುನಾವಣೆಗಳಲ್ಲಿ ಮತ ಹಾಕಬಹುದು, ಸಂಸತ್ ಚುನಾವಣೆಯಲ್ಲೂ. ನಿಮ್ಮ ಭಾರತೀಯ ಪೌರತ್ವಕ್ಕೆ ಏನೂ ಆಗುವುದಿಲ್ಲ. ಮತಗಟ್ಟೆಗೆ ನಮ್ಮ ಪಾಸ್‌ಪೋರ್ಟೇ ಗುರುತಿನ ದಾಖಲೆಯಾಗಿ ನಡೆಯುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಲ, ಮೊಬೈಲ್ ಕಾಂಟ್ರ್ಯಾಕ್ಟ್ ಕೊಡುವವರು ಮಾಡುವ ಕ್ರೆಡಿಟ್ ಚೆಕ್‌ಗೂ ಅನುಕೂಲ. ಮನೆ ಸಿಕ್ಕ ವಾರವೇ ಹೆಸರು ಸೇರಿಸಿ.

ಶಾಲೆಯ ಮಾತಿಗೆ ಬಂದರೆ, “ನಾನು ಕಾನ್ವೆಂಟಿನಲ್ಲಿ ಓದಿದ್ದು” ಎಂದು ಹೇಳಿದರೆ ಇಲ್ಲಿಯವರು ಸನ್ಯಾಸಿನಿಯರ ಮಠವನ್ನು ಕಲ್ಪಿಸಿಕೊಳ್ಳುತ್ತಾರೆ. ಇಂಗ್ಲಿಷ್ ಮೀಡಿಯಂ ಶಾಲೆ ಎನ್ನುವ ಅರ್ಥ ನಮ್ಮದು. ಕಾಲೇಜು ಅದಕ್ಕಿಂತ ಮುಖ್ಯ. ಇಲ್ಲಿ ಕಾಲೇಜು ಎಂದರೆ ಹೆಚ್ಚಾಗಿ 16ರಿಂದ 18ರ ಮಕ್ಕಳು ಓದುವ ಜಾಗ, ನಮ್ಮ ಪಿಯುಸಿ ಇದ್ದ ಹಾಗೆ. ಕೆಲಸದ ಸಂದರ್ಶನದಲ್ಲಿ ನಿಮ್ಮ ಬಿ.ಇ. ಬಗ್ಗೆ ಹೇಳುತ್ತಾ ಕಾಲೇಜ್, ಕಾಲೇಜ್ ಎಂದರೆ ಪದವಿಯನ್ನು ಒಂದು ಮೆಟ್ಟಿಲು ಕೆಳಗಿಟ್ಟು ಹೇಳಿದ ಹಾಗೆ. ಯೂನಿವರ್ಸಿಟಿ ಎನ್ನಿ.

‘ಕಸಿನ್ ಬ್ರದರ್’ ಬಿಡಿ. ಬರೀ ಕಸಿನ್ ಸಾಕು. ದೊಡ್ಡಪ್ಪನ ಮಗ, ಸೋದರತ್ತೆಯ ಮಗಳು, ಚಿಕ್ಕಮ್ಮನ ಮಗ, ನಮಗೆ ಒಬ್ಬೊಬ್ಬರೂ ಬೇರೆ, ಕೆಲವರು ಅಣ್ಣತಮ್ಮಂದಿರು, ಕೆಲವರು ಭಾವ ಮೈದುನರು. ಇಂಗ್ಲಿಷ್ ಅವರನ್ನೆಲ್ಲ ಒಂದೇ ಪದದಲ್ಲಿ ಸುತ್ತುತ್ತದೆ. ಆದರೆ ವೀಸಾ ಅರ್ಜಿಯಲ್ಲಿ ದೊಡ್ಡಪ್ಪನ ಮಗನನ್ನು ಬ್ರದರ್ ಎಂದು ಬರೆಯಲೇಬೇಡಿ. ನಮ್ಮ ಮನೆಯಲ್ಲೇ ಹಾಗಾಗಿ, ಇಬ್ಬರ ತಂದೆಯ ಹೆಸರು ಬೇರೆ ಇದೆಯಲ್ಲ ಎಂದು ವಿವರಣೆ ಕೇಳಿ ಪತ್ರ ಬಂತು. ಪ್ರೀತಿಯಲ್ಲಿ ಅಣ್ಣನೇ, ಅರ್ಜಿಯಲ್ಲಿ ಕಸಿನ್.

ಆಸ್ಪತ್ರೆಯಲ್ಲಿ ಕ್ಯಾಶುವಾಲ್ಟಿ ಎಂದರೆ ಹಳಬರಿಗೆ ತಿಳಿಯುತ್ತದೆ, ಬೋರ್ಡಿನಲ್ಲಿ ಮಾತ್ರ ‘ಎ ಅಂಡ್ ಇ’ ಎಂದಿರುತ್ತದೆ. ಜೀವಕ್ಕೆ ಅಪಾಯವಾದರೆ 999, ಏನು ಮಾಡಬೇಕೆಂದು ತೋಚದಿದ್ದರೆ 111. ಕನ್ಸಲ್ಟೆಂಟ್ ಎಂದರೆ ಆ ವಿಭಾಗದ ಹಿರಿಯ ವೈದ್ಯರು. ಶಸ್ತ್ರಚಿಕಿತ್ಸಕರನ್ನು ಡಾಕ್ಟರ್ ಎನ್ನದೆ ಮಿಸ್ಟರ್, ಮಿಸ್ ಎನ್ನುತ್ತಾರೆ. ಕ್ಷೌರಿಕರೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಕಾಲದ ಪದ್ಧತಿ ಹಾಗೇ ಉಳಿದಿದೆ, ಓದಿಲ್ಲದವರು ಕೊಯ್ಯುತ್ತಾರೇನೋ ಎಂದು ಹೆದರಬೇಡಿ. ಕೆಮಿಸ್ಟ್ ಎಂದರೆ ಔಷಧಿ ಅಂಗಡಿ. 2024ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಗಂಟಲುನೋವು, ಮಕ್ಕಳ ಕಿವಿನೋವು, ಹೆಂಗಸರ ಉರಿಮೂತ್ರದಂಥ ಏಳು ತೊಂದರೆಗಳಿಗೆ ಅಲ್ಲಿನ ಫಾರ್ಮಸಿಸ್ಟೇ ನೋಡಿ, ಬೇಕಾದರೆ ಆಂಟಿಬಯೋಟಿಕ್ ಕೊಡಬಹುದು. ಡಾಕ್ಟರ ಅಪಾಯಿಂಟ್‌ಮೆಂಟಿಗೆ ಕಾಯಬೇಕಿಲ್ಲ.

ಇಷ್ಟೆಲ್ಲದರ ನಡುವೆ ಒಂದೇ ಪದ ಕಲಿಯಿರಿ ಎಂದರೆ ನಾನು ‘ಕುಡ್’ ಎನ್ನುತ್ತೇನೆ. “ಒಂದು ಕಾಫಿ ಕೊಡಿ” ಎನ್ನುವ ಕನ್ನಡದ ಮಾತಿನಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಇದೆ. ‘ಕೊಡು’ ‘ಕೊಡಿ’ಯಾದರೆ ಸಾಕು, ಬೇರೆ ಉಪಚಾರ ಬೇಕಿಲ್ಲ. ಇಂಗ್ಲಿಷಿನ ‘ಗಿವ್’ಗೆ ಆ ಬಾಲ ಇಲ್ಲ. “ಗಿವ್ ಮಿ ಎ ಕಾಫಿ” ಎಂದಾಗ ನಮ್ಮ ಮನಸ್ಸಿನಲ್ಲಿ ‘ಕೊಡಿ’ ಇರುತ್ತದೆ, ಅವರ ಕಿವಿಗೆ ‘ಕೊಡೋ’ ಎಂದು ಬೀಳುತ್ತದೆ. ನಮ್ಮವರು ಒರಟರು ಎಂಬ ಮಾತು ಕೆಲವು ಆಫೀಸುಗಳಲ್ಲಿ ಹುಟ್ಟುವುದು ಈ ಒಂದು ಕಾರಣಕ್ಕೆ. ಅದು ಅನ್ಯಾಯ, ಆದರೆ ಸರಿಪಡಿಸುವುದು ಸುಲಭ. “ಕುಡ್ ಐ ಹ್ಯಾವ್ ಎ ಕಾಫಿ, ಪ್ಲೀಸ್?” ಎಂದರೆ ಕನ್ನಡದ ‘ಕೊಡಿ’ ಬಂತು. ತಿರುಗಿಸಿಯೂ ನೋಡಿ. ಮ್ಯಾನೇಜರ್ “ಕುಡ್ ಯು ಹ್ಯಾವ್ ಎ ಲುಕ್ ಅಟ್ ದಿಸ್?” ಎಂದರೆ ಅದು ನಿಮ್ಮ ಇಷ್ಟಕ್ಕೆ ಬಿಟ್ಟ ಪ್ರಶ್ನೆಯಲ್ಲ. “ಸ್ವಲ್ಪ ಇದನ್ನ ನೋಡ್ತೀರಾ” ಎಂದು ನಮ್ಮ ಮೇಷ್ಟ್ರು ಹೇಳಿದರೆ ನಾವು ಏನು ಮಾಡುತ್ತಿದ್ದೆವು? ತಕ್ಷಣ ನೋಡುತ್ತಿದ್ದೆವು. ನಮ್ಮ ‘ಸ್ವಲ್ಪ’ ಮಾಡುವ ಕೆಲಸವನ್ನೇ ಇಲ್ಲಿ ‘ಕುಡ್’ ಮಾಡುತ್ತದೆ. ಬಸ್ಸಿಳಿಯುವಾಗ ಡ್ರೈವರಿಗೆ ‘ಚಿಯರ್ಸ್’ ಎನ್ನುವುದೂ ಥ್ಯಾಂಕ್ಸ್ ಎನ್ನುವುದಕ್ಕೇ, ಕುಡಿತಕ್ಕೆ ಸಂಬಂಧವಿಲ್ಲ.

ಕೊನೆಯದು ಕ್ರ್ಯಾಕರ್. ದೀಪಾವಳಿಗೆ ಬೇಕಾದ ಪಟಾಕಿಗೆ ಫೈರ್‌ವರ್ಕ್ಸ್ ಎಂದು ಕೇಳಿ. 18 ತುಂಬದವರಿಗೆ ಮಾರುವುದಿಲ್ಲ. ಬೀದಿಯಲ್ಲಿ ಹಚ್ಚಿದರೆ ಅಪರಾಧ, ಮನೆಯ ಹಿತ್ತಲಲ್ಲಿ ಹಚ್ಚಬಹುದು. ಸಾಮಾನ್ಯ ದಿನಗಳಲ್ಲಿ ರಾತ್ರಿ 11ರ ಮೇಲೆ ಹಚ್ಚುವಂತಿಲ್ಲ, ದೀಪಾವಳಿಯ ರಾತ್ರಿ 1 ಗಂಟೆಯವರೆಗೆ ಕಾನೂನೇ ಬಿಟ್ಟಿದೆ. ಇಲ್ಲಿನವರ ಕ್ರ್ಯಾಕರ್ ಸಿಗುವುದು ಡಿಸೆಂಬರಿನಲ್ಲಿ. ಬಣ್ಣದ ಕಾಗದ ಸುತ್ತಿದ ಕೊಳವೆ, ಊಟದ ಮೇಜಿನ ಮೇಲೆ ಒಬ್ಬೊಬ್ಬರ ತಟ್ಟೆಗೂ ಒಂದು. ಆಫೀಸಿನ ಕ್ರಿಸ್ಮಸ್ ಊಟದಲ್ಲಿ ನಿಮ್ಮ ಪಕ್ಕದವರು ಅದರ ಒಂದು ತುದಿ ಚಾಚುತ್ತಾರೆ. ನೀವು ಇನ್ನೊಂದು ತುದಿ ಹಿಡಿದು ಎಳೆಯಿರಿ. ಟಪ್ ಎಂದು ಸದ್ದಾಗಿ ಒಳಗಿಂದ ಒಂದು ಸಣ್ಣ ಉಡುಗೊರೆ, ಒಂದು ನಗೆಚೀಟಿ, ಮಡಚಿದ ಕಾಗದದ ಕಿರೀಟ ಬೀಳುತ್ತವೆ. ಕಿರೀಟವನ್ನು ಬಿಡಿಸಿ ತಲೆಗೆ ಇಟ್ಟುಕೊಳ್ಳಿ, ಮೇಜಿನ ಸುತ್ತ ಕೂತ ದೊಡ್ಡವರೆಲ್ಲ ಇಟ್ಟುಕೊಂಡೇ ಊಟ ಮಾಡುತ್ತಾರೆ.